ಲೇಡಿ ದೇಯಿಯ ಕಡೆಯ ರೊಟ್ಟಿ

ಬಿದಿರಿನ ನಡುವೆ ಕತ್ತಿ ಸಿಕ್ಕಿಹಾಕಿಕೊಂಡಿತು. ವಿಲ್ಲಿ ಎಡಗಾಲಲ್ಲಿ ಬಿದಿರನ್ನು ಒತ್ತಿ ಹಿಡಿದು ಎರಡೂ ಕೈಯಿಂದ ಎಳೆದ. ಬೇಕರಿಯ ಒಲೆಗೆ ಸೌದೆ ಒಡೆದು ಅಭ್ಯಾಸವಿದ್ದವನೇ ಹೊರತು ಚಟ್ಟಕ್ಕೆ ಬಿದಿರು ಸಿಗಿದು ಗೊತ್ತಿದ್ದವನಲ್ಲ. ಕತ್ತಿ ಬರಲಿಲ್ಲ, ಬೆವರು ಬಂತು.

"ಬಿಡಿ ಮಾರಾಯ್ರೆ, ಬೆರಳು ಹೋದೀತು. ಇವತ್ತಿಗೆ ಇರುವ ಕಷ್ಟವೇ ಸಾಕು," ಎಂದಳು ನೆರೆಮನೆಯ ಬಾಗಿ. ಅವಳು ಅಂಗಳದ ಮೂಲೆಯಲ್ಲಿ ಕುಳಿತು ತೆಂಗಿನ ಗರಿ ಹೆಣೆಯುತ್ತಿದ್ದಳು.

ಅಂಗಳದಲ್ಲಿದ್ದವರ ಕಣ್ಣೆಲ್ಲ ನೋಣಯ್ಯನ ಸೊಂಟದ ಕಡೆಗೆ ಹೋಯಿತು. ಅಲ್ಲಿ ಕಳ್ಳು ಇಳಿಸುವ ಕತ್ತಿ ಮರದ ಒರೆಯಲ್ಲಿ ತೂಗುತ್ತಿತ್ತು. ಕೂದಲು ಸೀಳುವಷ್ಟು ಹರಿತ. ಆದರೆ ಆ ಕತ್ತಿ ಮರದ ಹೊಂಬಾಳೆಗಲ್ಲದೆ ಇನ್ನು ಯಾವುದಕ್ಕೂ ತಾಗಬಾರದು. ತಾಗಿದರೆ ಮರ ಮುನಿಸಿಕೊಂಡು ಕಳ್ಳು ಬತ್ತುತ್ತದೆ ಎಂದು ಕಳ್ಳಿಳಿಸುವವರು ನಂಬುತ್ತಾರೆ. ನೋಣಯ್ಯ ಅದರಿಂದ ಒಂದು ವೀಳ್ಯದೆಲೆಯ ತೊಟ್ಟನ್ನೂ ಚಿವುಟಿದವನಲ್ಲ. ಹಾಗಾಗಿ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ.

ನೋಣಯ್ಯ ಜಗಲಿಯ ಕಡೆ ನೋಡಿದ. ಅಲ್ಲಿ ಬಾಳೆಯೆಲೆಯ ಮೇಲೆ ಅವನ ತಂಗಿ ದೇಯಿ ಮಲಗಿದ್ದಳು. ಇದ್ದದ್ದು ಅವಳೊಬ್ಬಳೇ ತಂಗಿ. ಅವನು ಎದ್ದು ಬಂದು, ಸೊಂಟದ ಕತ್ತಿ ಎಳೆದು, ಎರಡು ಏಟಿಗೆ ಬಿದಿರು ಸಿಗಿದ.

"ಇನ್ನು ಯಾರಿಗೆ ಇಳಿಸ್ಲಿಕ್ಕುಂಟು," ಎಂದ. ಅದನ್ನು ಯಾರಿಗೆ ಹೇಳಿದನೆಂದು ಅವನಿಗೂ ಗೊತ್ತಿರಲಿಲ್ಲ.

ದೇಯಿಯ ಮನೆಯಿದ್ದ ಅತ್ತಾವರದ ಆ ಓಣಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಇದು: ನೋಣಯ್ಯ ದಿನಾ ಮುಂಜಾನೆ ಪಡೀಲಿನಿಂದ ನಡೆದು ಬಂದು, ಮೊದಲ ಮರದ ಮೊದಲ ಕಳ್ಳನ್ನು ವಿಲ್ಲಿಯ ಬೇಕರಿಯ ಹಿಂದಿನ ಮೆಟ್ಟಿಲಿನ ಮೇಲೆ ಇಟ್ಟು ಹೋಗುತ್ತಿದ್ದ. ರೊಟ್ಟಿಯ ಹಿಟ್ಟು ಉಬ್ಬಬೇಕಾದರೆ ಅದಕ್ಕೆ ಕಳ್ಳು ಬೀಳಬೇಕು. ಅವನು ತಿರುಗಿ ಹೋದ ಮೇಲೆ ದೇಯಿ ಬಾಗಿಲು ತೆರೆದು ಮಡಕೆಯನ್ನು ಒಳಗೆ ತೆಗೆದುಕೊಳ್ಳುತ್ತಿದ್ದಳು. ಅವನು ಕರೆಯುತ್ತಿರಲಿಲ್ಲ, ಇವಳು ನಿಲ್ಲಿಸುತ್ತಿರಲಿಲ್ಲ. ಅಣ್ಣನ ಕಳ್ಳಿನಿಂದ ಉಬ್ಬಿದ ರೊಟ್ಟಿಯನ್ನು ಊರೆಲ್ಲ ತಿಂದಿತು, ಅಣ್ಣ ಮಾತ್ರ ತಿನ್ನಲಿಲ್ಲ. ತಂಗಿ ಕ್ರಿಸ್ತಾನರ ಒಲೆಯ ಮುಂದೆ ಕೂಲಿ ಮಾಡುವುದು ಅವನ ಮರ್ಯಾದೆಗೆ ಕಡಿಮೆ ಎಂದು ಜನ ಹೇಳಿದರು. ನೋಣಯ್ಯ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಹೆಣಕ್ಕೆ ನೀರು ಬಿಡುವ ಹೊತ್ತಾಯಿತು. ದೇಯಿಯ ಮಗಳು ಅಮ್ಮಣಿ ತಾಯಿಯ ತಲೆಯ ಬಳಿ ಕುಳಿತಿದ್ದಳು. ಮದುವೆಯ ವಯಸ್ಸಿನ ಹುಡುಗಿ. ತಾಯಿಯಂತೆಯೇ ಮೊಣಕೈಯವರೆಗೆ ಗಟ್ಟಿ ಕೈ. ಅತ್ತು ಮುಗಿಸಿದ ಮುಖ ಒಣಗಿತ್ತು.

"ಅಮ್ಮಣಿ," ಎಂದ ನೋಣಯ್ಯ, ತುಳಸಿಯ ನೀರನ್ನು ಕೈಯಲ್ಲಿ ಹಿಡಿದು. "ಇದೆಲ್ಲ ಮುಗಿದ ಮೇಲೆ ನೀನು ಪಡೀಲಿಗೆ ಬರ್ಬೇಕು. ಮನೆ ನಿನ್ನದು. ನನ್ನ ನಂತರ ದೀಪ ಹಚ್ಚುವವಳು ನೀನೇ."

ಅದು ಬರೀ ಉಪಚಾರದ ಮಾತಾಗಿರಲಿಲ್ಲ. ಅವರಲ್ಲಿ ಮನೆತನ ಮುಂದುವರಿಯುವುದು ಹೆಣ್ಣುಮಕ್ಕಳಿಂದ. ಅಮ್ಮಣಿ ಬಾರದಿದ್ದರೆ ಆ ಮನೆಯ ದೈವಕ್ಕೆ ದೀಪವಿಡಲು ಇನ್ನೊಬ್ಬಳಿರಲಿಲ್ಲ.

ಅಮ್ಮಣಿ ತಲೆಯೆತ್ತಿದಳು. ಸೋದರಮಾವನನ್ನು ತುಳುವಿನಲ್ಲಿ ಕರೆಯುವಂತೆ, "ತಮ್ಮಲೆ," ಎಂದಳು. "ನಿನ್ನೆ ಸಂಜೆ ಬೇಕರಿಯಲ್ಲಿ ಅಮ್ಮ ಹಿಟ್ಟು ನಾದಿ, ಬಟ್ಟೆ ಮುಚ್ಚಿ, ಅಲ್ಲೇ ಗೋಡೆಗೆ ಒರಗಿ ಕೂತವಳು ಮತ್ತೆ ಏಳ್ಲಿಲ್ಲ. ಆ ಹಿಟ್ಟು ಈಗ ಉಬ್ಬಿ ಮರದ ಮರಿಗೆಯ ಅಂಚು ಮೀರಿ ಬಂದುಂಟಂತೆ. ಬಿಸಾಡುವುದಾ ಎಂತ ಮಾಡುವುದು ಅಂತ ವಿಲ್ಲಿಯವರು ಬೆಳಿಗ್ಗೆ ಕೇಳಿದ್ರು. ಬೇಯಿಸ್ಲಿಕ್ಕೆ ಹೇಳಿದ್ದೇನೆ."

"ಅದಕ್ಕೆ?"

"ಇವತ್ತು ಈ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಆ ರೊಟ್ಟಿಯನ್ನು ನೀವು ತಿನ್ಬೇಕು. ತಿಂದರೆ ಬರ್ತೇನೆ. ನನ್ನ ಅಮ್ಮನ ಕೈಯದ್ದು ಗಂಟಲಲ್ಲಿ ಇಳಿಯದ ಮನೆಯಲ್ಲಿ ನಾನು ದೀಪ ಹಚ್ಚುವುದಿಲ್ಲ."

"ಹೆಣದ ಮುಂದೆ ಎಂತ ಮಾತು ಮಗಾ ಅದು!" ಎಂದಳು ಬಾಗಿ.

"ಮತ್ತೆ ಯಾವಾಗ ಹೇಳುವುದು ಬಾಗಿಯಕ್ಕ? ಅಮ್ಮ ಇದ್ದಾಗ ಅವಳು ಹೇಳ್ಲಿಕ್ಕೆ ಬಿಡ್ಲಿಲ್ಲ."

ನೋಣಯ್ಯ ಬಗ್ಗಿ ತಂಗಿಯ ತುಟಿಯ ಮೇಲೆ ನೀರು ಬಿಟ್ಟ. ನೀರು ಒಳಗೆ ಹೋಗದೆ ಕೆನ್ನೆಯ ಮೇಲೆ ಇಳಿಯಿತು. ಅವನು ಅದನ್ನು ಹೆಬ್ಬೆರಳಿನಿಂದ ಒರೆಸಿದ.

*

ದೇಯಿಯ ಗಂಡ ಮುದ್ದುವೂ ಕಳ್ಳಿಳಿಸುವವನೇ. ಜರ್ಮನಿಯ ಯುದ್ಧ ಮುಗಿದ ಮರುವರ್ಷ, ಅಕ್ಕಿ ಸಿಗದೆ ಊರಿಗೆ ಊರೇ ಗಂಜಿಯ ತಿಳಿ ಕುಡಿಯುತ್ತಿದ್ದ ಕಾಲದಲ್ಲಿ, ಅವನು ಮರದಿಂದ ಬಿದ್ದು ಸತ್ತ. ದೇಯಿ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಪಡೀಲಿಗೆ ಬಂದಳು. ಬರುವುದು ಕ್ರಮವೇ ಆಗಿತ್ತು, ಯಾರೂ ಬೇಡ ಎನ್ನಲಿಲ್ಲ. ಆದರೆ ತಿಂಗಳು ಕಳೆಯುವುದರೊಳಗೆ ಒಂದು ಬೆಳಿಗ್ಗೆ ಅವಳು ಕೂಸನ್ನೂ ಒಂದು ಚಾಪೆಯನ್ನೂ ಎತ್ತಿಕೊಂಡು ಅತ್ತಾವರದ ದಾರಿ ಹಿಡಿದಳು.

ವಿಲ್ಲಿಯ ಬೇಕರಿ ಆಗಷ್ಟೇ ಶುರುವಾಗಿತ್ತು. ವಿಲ್ಲಿಯ ಹೆಂಡತಿ ತೆರೆಸಾಗೆ ಹೆರಿಗೆಯಾಗಿ ಹಿಟ್ಟು ನಾದುವವರಿರಲಿಲ್ಲ. ದೇಯಿ ಹಿತ್ತಲಿನ ಬಾಗಿಲಲ್ಲಿ ನಿಂತು, "ಕೆಲಸ ಉಂಟಾ?" ಎಂದು ಕೇಳಿದಳು.

"ರೊಟ್ಟಿ ಮಾಡಿ ಗೊತ್ತುಂಟಾ?"

"ರೊಟ್ಟಿ ನೋಡಿಯೂ ಗೊತ್ತಿಲ್ಲ. ಕಳ್ಳಿನ ವಾಸನೆ ಗೊತ್ತುಂಟು."

ಅಷ್ಟು ಸಾಕಾಯಿತು. ಹಳಸಿದ ಕಳ್ಳು ಯಾವುದು, ಹಿಟ್ಟಿಗೆ ಹದವಾದದ್ದು ಯಾವುದು ಎಂದು ಮೂಗಿನಿಂದಲೇ ಹೇಳುವವಳು ವಿಲ್ಲಿಗೆ ಬೇಕಿತ್ತು. ಸಂಜೆಯಾದರೆ ಅವಳು ಮರದ ಮರಿಗೆಯ ಮುಂದೆ ಮೊಣಕಾಲೂರಿ, ಕೂಸನ್ನು ಬೆನ್ನ ಹಿಂದೆ ಮಲಗಿಸಿ, ಹಿಟ್ಟನ್ನು ಗುದ್ದಿ ಮಡಚಿ ಗುದ್ದಿ ಮಡಚಿ ಭುಜ ಸೋಲುವವರೆಗೆ ನಾದುತ್ತಿದ್ದಳು. ದಿನ ಕಳೆದಂತೆ ಭುಜ ಸೋಲುವುದೂ ಅಭ್ಯಾಸವಾಯಿತು. ಆಯುಷ್ಯವೆಲ್ಲ ಹಾಗೆಯೇ ಕಳೆಯಿತು. ಹೇಳಿಕೊಳ್ಳುವಂಥದ್ದು ಬೇರೇನೂ ನಡೆಯಲಿಲ್ಲ, ಒಂದು ಹೆಸರು ಬಂದದ್ದು ಬಿಟ್ಟರೆ.

ಆ ಹೆಸರು ಕೊಟ್ಟವರು ಯಜ್ಞನಾರಾಯಣ ಮಾಸ್ತರರು. ದೇವಸ್ಥಾನದ ಅರ್ಚಕರ ಮನೆಯವರು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಅವರಿಗೆ ಹೊಟ್ಟೆಯ ಹುಣ್ಣು. ಅನ್ನ ಬಿಟ್ಟು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನಿ ಎಂದು ಡಾಕ್ಟರರು ಹೇಳಿದ್ದರು. ಬ್ರಾಹ್ಮಣನಾದವನು ಬೇಕರಿಯ ಮುಂಬಾಗಿಲಿಗೆ ಹೋಗುವುದು ಹೇಗೆ? ಮಾಸ್ತರರು ಬೆಳಕು ಹರಿಯುವ ಮೊದಲು ಹಿಂಬಾಗಿಲಿಗೆ ಬಂದು, "ಆಸ್ಪತ್ರೆಯಲ್ಲಿ ನಮ್ಮ ಪರಿಚಯದವರೊಬ್ಬರು ಇದ್ದಾರೆ, ಅವರಿಗೆ," ಎಂದು ರೊಟ್ಟಿಯನ್ನು ಕೊಡೆಯೊಳಗೆ ಇಳಿಸಿಕೊಂಡು ಹೋಗುತ್ತಿದ್ದರು. ಆ ಪರಿಚಯದವರು ವರ್ಷಗಟ್ಟಲೆ ಆಸ್ಪತ್ರೆಯಿಂದ ಹೊರಗೆ ಬರಲಿಲ್ಲ. ಹಿಟ್ಟು ಯಾತರಿಂದ ಉಬ್ಬುತ್ತದೆ ಎಂದು ಮಾಸ್ತರರು ಯಾವತ್ತೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಹುಣ್ಣು ಗುಣವಾಯಿತು.

ಗುಣವಾದ ಆ ದಿನಗಳಲ್ಲೊಂದು ಬೆಳಿಗ್ಗೆ ಮಾಸ್ತರರು ಹೊಸ್ತಿಲಾಚೆ ನಿಂತು, ಮರುದಿನದ ಹಿಟ್ಟು ಜರಡಿ ಹಿಡಿಯುತ್ತಿದ್ದ ದೇಯಿಯನ್ನು ನೋಡುತ್ತ ಕೇಳಿದರು.

"ದೇಯಿ, ನೀನು ಮಾಡುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಎಂತ ಹೇಳ್ತಾರೆ ಗೊತ್ತುಂಟಾ?"

"ಎಂತ ಹೇಳ್ತಾರೆ? ಕೂಲಿ ಅಂತ ಹೇಳ್ತಾರೆ."

"ಅಲ್ಲ. ಲೇಡಿ."

ವಿಲ್ಲಿ ಒಲೆಯ ಮುಂದೆಯೇ ಗಟ್ಟಿಯಾಗಿ ನಕ್ಕ. ಮಾಸ್ತರರು ನಗಲಿಲ್ಲ. ಅವರು ಹುಡುಗರಾಗಿದ್ದಾಗ ಕಲಿಸಿದ ಜರ್ಮನ್ ಪಾದ್ರಿ ಅದನ್ನು ಹೇಳಿದ್ದನಂತೆ. ಇಂಗ್ಲಿಷರೂ ಜರ್ಮನರೂ ಹಿಂದೆ ಒಂದೇ ಬುಡದ ಜನ. ರೊಟ್ಟಿಯ ಮುದ್ದೆಗೆ ಇವರು ಲೋಫ್ ಅನ್ನುತ್ತಾರೆ, ಅವರು ಲೈಬ್ ಅನ್ನುತ್ತಾರೆ. ಹಳೆಯ ಕಾಲದ ಇಂಗ್ಲಿಷರು ಹ್ಲಾಫ್ ಎನ್ನುತ್ತಿದ್ದರು. ಹ್ಲಾಫಿಗೆ ಹಿಟ್ಟು ನಾದುವವಳು ಹ್ಲಾಫ್‌ದೀಗೆ. ಆ ಮಾತೇ ಜನರ ಬಾಯಲ್ಲಿ ಸವೆದು ಸವೆದು ಲೇಡಿ ಆಯಿತು.

"ನಾದುವುದು ಅಂತ ಅರ್ಥ ಬರುವ ಆ ತುಂಡು ಉಂಟಲ್ಲ, ಅದರ ಬುಡವೇ ನಮ್ಮ ಸಂಸ್ಕೃತದ ದೇಹ ಅನ್ನುವ ಶಬ್ದಕ್ಕೂ. ಮೆತ್ತಿ ಮಾಡಿದ್ದು ಅಂತ ಅರ್ಥ. ಪಾದ್ರಿ ಅದನ್ನು ಹೇಳಿದ ದಿನ ನನಗೆ ನಿದ್ರೆ ಬರ್ಲಿಲ್ಲ," ಎಂದರು ಮಾಸ್ತರರು.

ದೇಯಿಗೆ ನಿದ್ರೆ ಕೆಡುವಂಥದ್ದು ಅದರಲ್ಲೇನೂ ಕಾಣಲಿಲ್ಲ. "ಹಾಗಾದರೆ ಕಲೆಕ್ಟರ ಹೆಂಡತಿಗೆ ಹಿಟ್ಟು ನಾದ್ಲಿಕ್ಕೆ ಬರ್ತದಾ?"

"ಅವಳಿಗೆ ಚಾಯಕ್ಕೆ ಸಕ್ಕರೆ ಕದಡ್ಲಿಕ್ಕೂ ಜನ ಬೇಕು," ಎಂದ ವಿಲ್ಲಿ.

"ಮತ್ತೆ ದೊರೆಗೆ ಎಂತ ಹೇಳ್ತಾರೆ ಮಾಸ್ತರ್ರೆ?" ಎಂದು ಕೇಳಿದಳು ದೇಯಿ.

"ಲಾರ್ಡ್ ಅಂತ. ಅದೂ ಅದೇ ಹ್ಲಾಫ್. ರೊಟ್ಟಿ ಕಾಯುವವ. ಮನೆಯವರ ಅನ್ನ ಬೇರೆಯವರ ಪಾಲಾಗದ ಹಾಗೆ ಯಾರು ಕಾದು ಕೂತುಕೊಳ್ತಾನೋ ಅವನೇ ಯಜಮಾನ. ನಾದುವವಳು ಒಬ್ಬಳು, ಕಾಯುವವ ಒಬ್ಬ. ಮೊದಲು ಅಷ್ಟೇ ಇದ್ದದ್ದು. ಬಂಗಲೆ, ಕುದುರೆಗಾಡಿ ಎಲ್ಲ ಮತ್ತೆ ಬಂದದ್ದು."

ದೇಯಿ ಜರಡಿ ನಿಲ್ಲಿಸಿದಳು. "ನಾದುವವಳು ಒಬ್ಬಳು ಇದ್ದಾಳೆ," ಎಂದು ಪುನಃ ಜರಡಿ ಹಿಡಿದಳು.

ಹಿಂದಿನ ಮೆಟ್ಟಿಲಿನ ಮೇಲೆ ಕಳ್ಳಿನ ಮಡಕೆ ಇಟ್ಟ ಸದ್ದಾಯಿತು. ಮಾಸ್ತರರು ಯಾರೆಂದೂ ನೋಡದೆ ಗಾಬರಿಯಿಂದ ಮುಖಕ್ಕೆ ಕೊಡೆ ಅಡ್ಡ ಹಿಡಿದರು.

ಅಂದಿನಿಂದ ವಿಲ್ಲಿ ತಮಾಷೆಗೆ ಅವಳನ್ನು ಲೇಡಿ ಎಂದು ಕರೆದ. ಓಣಿಯವರು ಕರೆದರು. ಅರ್ಥ ಹೇಳುವ ಉಸಾಬರಿ ಯಾರಿಗೂ ಬೇಕಿರಲಿಲ್ಲ. ಕಳ್ಳಿಳಿಸುವವನ ವಿಧವೆಗೆ ಲೇಡಿ ಎನ್ನುವುದೇ ದೊಡ್ಡ ತಮಾಷೆಯಾಗಿತ್ತು. ಪಡೀಲಿನ ಗಡಂಗಿನಲ್ಲಿ ಕುಡಿದವರು ನೋಣಯ್ಯನನ್ನು, "ನಿನ್ನ ಲೇಡಿ ತಂಗಿ ಹೇಗಿದ್ದಾಳೆ?" ಎಂದು ಕೇಳಿ ನಕ್ಕರು. ನೋಣಯ್ಯ ಗಡಂಗಿಗೆ ಹೋಗುವುದನ್ನು ಬಿಟ್ಟ. ಮಡಕೆ ತಂದಿಡುವುದನ್ನು ಬಿಡಲಿಲ್ಲ.

*

ಹೆಣ ಎತ್ತುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೊತ್ತವರಲ್ಲಿ ವಿಲ್ಲಿಯೂ ಇದ್ದ. ಕ್ರಿಸ್ತಾನ ಹೆಗಲು ಕೊಡಬಹುದೋ ಬಾರದೋ ಎಂದು ಒಬ್ಬಿಬ್ಬರು ಗೊಣಗಿದರು. "ಅವಳ ಉಪ್ಪು ನಾನು ತಿಂದಿದ್ದೇನೆ, ನನ್ನ ಉಪ್ಪು ಅವಳು ತಿಂದಿದ್ದಾಳೆ. ಭಾರ ಎಂತ ಜಾತಿ ಕೇಳ್ತದಾ?" ಎಂದು ವಿಲ್ಲಿ ಹೆಗಲು ಕೊಟ್ಟೇಬಿಟ್ಟ. ಜಗಳವಾಡುವಷ್ಟು ಶಕ್ತಿ ಯಾರಲ್ಲೂ ಉಳಿದಿರಲಿಲ್ಲ.

ನದಿಯ ಬದಿಯ ಸುಡುಗಾಡಿನಲ್ಲಿ ನೋಣಯ್ಯನೇ ಬೆಂಕಿಯಿಟ್ಟ. ಸೌದೆ ಒಣಗಿತ್ತು, ಬೇಗ ಹತ್ತಿಕೊಂಡಿತು. ಎಲ್ಲ ಮುಗಿಸಿ, ನದಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಹಿಂತಿರುಗುವಾಗ ಓಣಿಯ ತಿರುವಿನಲ್ಲಿ ಯಜ್ಞನಾರಾಯಣ ಮಾಸ್ತರರು ಕೊಡೆ ಹಿಡಿದು ನಿಂತಿದ್ದರು. ಈಗ ರಿಟೈರಾಗಿ, ಬೆನ್ನು ಬಾಗಿತ್ತು. ಸಾವಿನ ಮನೆಗೆ ಬರಲು ಜಾತಿ ಬಿಡಲಿಲ್ಲ, ಮನೆಯಲ್ಲಿ ಕೂರಲು ಮನಸ್ಸು ಬಿಡಲಿಲ್ಲ. ಬೆಳಗಿನಿಂದ ಆ ತಿರುವಿನಲ್ಲಿ ಮೂರು ಸಲ ಬಂದು ಹೋಗಿದ್ದರಂತೆ.

ಉಳಿದವರನ್ನು ಮುಂದೆ ಹೋಗಲು ಬಿಟ್ಟು ಅವರು ನೋಣಯ್ಯನನ್ನು ಕರೆದರು.

"ನಿನಗೊಂದು ಹೇಳ್ಲಿಕ್ಕುಂಟು ನೋಣಯ್ಯ. ಲೇಡಿ ಅಂತ ಎಲ್ಲರೂ ಅವಳನ್ನು ನಗಾಡಿದ್ರು. ಆ ಶಬ್ದ ತಂದದ್ದು ನಾನು. ಅದು ತಮಾಷೆ ಅಲ್ಲ ಮಾರಾಯ. ಅದರ ಅರ್ಥ..."

"ಗೊತ್ತುಂಟು ಸ್ವಾಮಿ. ಹಿಟ್ಟು ನಾದುವವಳು."

ಮಾಸ್ತರರು ಬೆರಗಾದರು. "ಯಾರು ಹೇಳಿದ್ದು?"

"ನೀವೇ. ಆ ದಿನ ನಾನು ಮಡಕೆ ಹಿಡಿದು ಹೊರಗೆ ಗೋಡೆಯ ಮರೆಯಲ್ಲಿ ನಿಂತಿದ್ದೆ. ಪೂರಾ ಕೇಳಿದೆ."

"ಮತ್ತೆ ನಿನಗೆ ಸಿಟ್ಟು ಯಾತಕ್ಕೆ? ಇಷ್ಟು ವರ್ಷ ಅವಳ ರೊಟ್ಟಿ ಬಾಯಿಗೆ ಹಾಕ್ಲಿಲ್ಲ ನೀನು."

ನೋಣಯ್ಯ ಒದ್ದೆ ತಲೆಯನ್ನು ಅಂಗೈಯಿಂದ ಒರೆಸಿಕೊಂಡ. "ಅವಳ ಶಬ್ದಕ್ಕೆ ಸಿಟ್ಟಿಲ್ಲ ಸ್ವಾಮಿ. ಇನ್ನೊಂದು ಹೇಳಿದ್ರಲ್ಲ ನೀವು, ಕಾಯುವವ ಅಂತ. ಅದು ನನಗೆ ತಾಗಿದ್ದು." ಮಾಸ್ತರರು ಮುಂದಿನ ಮಾತು ಹುಡುಕುತ್ತಿರುವಾಗಲೇ ಅವನು ಕೈಮುಗಿದು ನಡೆದುಬಿಟ್ಟ.

ಮನೆಯಂಗಳದಲ್ಲಿ ಬಾಗಿ ಗಂಜಿಯ ಪಾತ್ರೆ ತಂದಿಟ್ಟಿದ್ದಳು. ಬಂದವರು ಕುಡಿದು, ಬಟ್ಟೆ ಹಿಂಡಿ, ಒಬ್ಬೊಬ್ಬರಾಗಿ ಹೊರಟುಹೋದರು. ಅಮ್ಮಣಿ ಮಾತ್ರ ತೊಳೆದ ಜಗಲಿಯ ಕೆಳಗೆ ಕಂಬಕ್ಕೆ ಒರಗಿ ಕುಳಿತಿದ್ದಳು. ಇನ್ನೂ ಮಿಂದಿರಲಿಲ್ಲ, ಕೂದಲು ಬಿಚ್ಚಿಕೊಂಡೇ ಇತ್ತು.

"ಹೆಣ ಹೋದ ಕೂಡ್ಲೆ ಮೀಯ್ಬೇಕು ಅಂತ ಎಷ್ಟು ಸಲ ಹೇಳಿದೆ. ತಮ್ಮಲೆ ಬರ್ಲಿ ಅಂತ ಹಠ," ಎಂದು ಬಾಗಿ ನೋಣಯ್ಯನಿಗೆ ದೂರು ಹೇಳಿದಳು. ಬಳಲಿ ಅವಳ ದನಿಯೂ ಒಡೆದಿತ್ತು.

ಅಮ್ಮಣಿಯ ಮುಂದೆ ಬಾಳೆಯೆಲೆಯ ಮೇಲೆ ರೊಟ್ಟಿ ಇತ್ತು. ತೆರೆಸಾ ಬೇಯಿಸಿ ಕಳಿಸಿದ್ದು. ಹಿಟ್ಟು ಹೊತ್ತು ಮೀರಿ ಉಬ್ಬಿದ್ದರಿಂದ ಒಂದು ಬದಿ ಕುಸಿದು, ಮೇಲ್ಭಾಗ ಒಡೆದಿತ್ತು. ಚಂದದ ರೊಟ್ಟಿಯೇನೂ ಅಲ್ಲ. ಅದರ ಹುಳಿವಾಸನೆ ಅಂಗಳಕ್ಕೆಲ್ಲ ಹರಡಿತ್ತು, ಮತ್ತು ಆ ವಾಸನೆಯಲ್ಲಿ ನಿನ್ನೆಯ ತನ್ನದೇ ಕಳ್ಳು ಇದೆಯೆಂದು ನೋಣಯ್ಯನಿಗೆ ತಿಳಿಯಿತು.

ಅವನು ಅವಳೆದುರು ನೆಲದ ಮೇಲೆ ಕುಳಿತ. ಮರ ಹತ್ತಿ ಹತ್ತಿ ದಡ್ಡುಗಟ್ಟಿದ ಕಾಲುಗಳು ಸುಲಭವಾಗಿ ಮಡಚಲಿಲ್ಲ.

"ನಿನ್ನ ಅಮ್ಮ ಪಡೀಲಿನಿಂದ ಯಾತಕ್ಕೆ ಹೋದದ್ದು ಅಂತ ಅವಳು ನಿನಗೆ ಹೇಳಿದ್ದಾಳಾ?"

"ಕೇಳಿದರೆ, ಅಲ್ಲಿ ಜಾಗ ಸಾಲ್ಲಿಲ್ಲ ಅಂತ ಹೇಳ್ತಿದ್ದಳು."

"ಜಾಗ ಇತ್ತು," ಎಂದ ನೋಣಯ್ಯ. "ಅಕ್ಕಿ ಇಲ್ಲದ ವರ್ಷ. ಒಂದು ದಿನ ನಿನ್ನ ಅಮ್ಮ ನಿನಗೆ ಬಟ್ಟಲಲ್ಲಿ ಗಂಜಿ ಬಡಿಸಿ, ಉಪ್ಪು ತರ್ಲಿಕ್ಕೆ ಒಳಗೆ ಹೋದ್ಲು. ನನ್ನ ಹೆಂಡತಿ ಬಂದು ಆ ಗಂಜಿಯನ್ನು ಪುನಃ ಮಡಕೆಗೆ ಸುರಿದ್ಲು. ಅವಳಿಗೂ ಮಕ್ಕಳಿದ್ದರು. ಅವಳೂ ಇಲ್ಲ ಈಗ, ಅವಳನ್ನು ಬೈಯುವುದಿಲ್ಲ ನಾನು. ನೀನು ಬಾಯಿ ತೆರೆದು ಕೂತಿದ್ದೆ. ನಾನು ಜಗಲಿಯಲ್ಲೇ ಇದ್ದೆ. ನೋಡಿದೆ. ನೋಡದ ಹಾಗೆ ಎದ್ದು ಮರದ ಬುಡಕ್ಕೆ ಹೋದೆ. ನಾನು ಹೋದದ್ದನ್ನು ನಿನ್ನ ಅಮ್ಮ ನೋಡಿದ್ಲು."

"ನನಗೆ ನೆನಪಿಲ್ಲ."

"ನಿನಗೆ ಇರ್ಲಿಕ್ಕಿಲ್ಲ. ನನಗೆ ಉಂಟು." ಅವನು ರೊಟ್ಟಿಯ ಕಡೆ ನೋಡಿದ. "ನಿನ್ನ ಬಾಯಿಂದ ತೆಗೆದದ್ದನ್ನು ತಡೆಯದವ ಅವಳ ಕೈಯಿಂದ ತಿನ್ನುವುದು ಹೇಗೆ? ನಾಚಿಕೆ ಮಗಾ. ಜನ ಮರ್ಯಾದೆ ಅಂತ ಹೇಳಿದ್ರು. ಹಾಗೇ ಇರ್ಲಿ ಅಂತ ನಾನೂ ಬಿಟ್ಟೆ. ಅದು ಹೇಳ್ಲಿಕ್ಕೆ ಸುಲಭ."

ಅಮ್ಮಣಿಯ ಕಣ್ಣು ತುಂಬಿತು. ಬೆಳಗಿನಿಂದ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯದೆ ಅವಳು ಸೆರಗಿನ ಅಂಚನ್ನು ತಿರುಚಿದಳು.

"ಇದನ್ನು ಅಮ್ಮನಿಗೆ ಹೇಳ್ಬಹುದಿತ್ತು ನೀವು."

"ಹೇಳ್ಬಹುದಿತ್ತು."

"ದಿನಾ ಬರ್ತಿದ್ದಿರಿ. ಬಾಗಿಲು ತಟ್ಟಿದರೆ ಆಗ್ತಿತ್ತು."

"ಆಗ್ತಿತ್ತು," ಎಂದ ನೋಣಯ್ಯ.

ಬಾಗಿ ಗಂಜಿಯ ಪಾತ್ರೆ ಎತ್ತಿಕೊಂಡು ಸದ್ದಿಲ್ಲದೆ ತನ್ನ ಮನೆಗೆ ಹೋದಳು. ಅವಳ ಕೋಳಿಗಳು ಮಾತ್ರ ಬೇಲಿಯ ಕಿಂಡಿಯಿಂದ ಈಚೆಗೆ ನುಗ್ಗಿ, ಚೆಲ್ಲಿದ್ದ ಗಂಜಿಯ ಅಗುಳು ಹೆಕ್ಕತೊಡಗಿದವು.

"ತಿನ್ತೀರಾ?" ಎಂದಳು ಅಮ್ಮಣಿ.

ನೋಣಯ್ಯ ನಿನ್ನೆ ಮಧ್ಯಾಹ್ನ ಉಂಡವನು. ಬಾಗಿಯ ಗಂಜಿಯನ್ನೂ ಮುಟ್ಟಿರಲಿಲ್ಲ. ಯಜಮಾನ ಮೊದಲು ತಿನ್ನಬೇಕು ಎಂಬುದು ಮನೆಯ ಕ್ರಮ; ಅಮ್ಮಣಿ ಎಲೆಯನ್ನು ಅವನ ಕಡೆಗೆ ಸರಿಸಿದಳು.

ಅವನು ಎಲೆಯನ್ನು ಹಿಡಿದುಕೊಂಡ, ಮುರಿಯಲಿಲ್ಲ.

"ನೀನು ಮಿಂದು ಬಾ. ಮೊದಲ ತುಂಡು ನಿನ್ನದು. ಮತ್ತೆ ನಾನು ತಿನ್ನುವುದು."

ಅಮ್ಮಣಿ ಅವನ ಮುಖವನ್ನು ದಿಟ್ಟಿಸಿ ನೋಡಿದಳು. ಆಮೇಲೆ ಎದ್ದು, ಹಗ್ಗದ ಮೇಲಿನ ಒಣಬಟ್ಟೆ ಎಳೆದುಕೊಂಡು ಬಾವಿಯ ಕಡೆಗೆ ನಡೆದಳು.

ನೋಣಯ್ಯ ಎಲೆಯನ್ನು ತೊಡೆಯ ಮೇಲಿಟ್ಟುಕೊಂಡ. ತೆಂಗಿನಮರದಿಂದ ಒಂದು ಕಾಗೆ ಇಳಿದು ಅಂಗಳದ ಅಂಚಿನಲ್ಲಿ ಕುಳಿತಿತು. ಇನ್ನೊಂದು ಬಂತು. ಕೋಳಿಯೊಂದು ಕತ್ತು ನೀಡಿ ಅವನ ಮೊಣಕಾಲಿನ ತನಕ ಬಂತು. ಅವನು ಹೆಗಲಿನ ಒದ್ದೆ ವಸ್ತ್ರವನ್ನು ಎಳೆದು ಬೀಸಿದ. ಅವು ಸ್ವಲ್ಪ ದೂರ ಹೋಗಿ ಪುನಃ ಬಂದವು. ಬಿಸಿಲು ಅವನ ಬೆನ್ನಿನ ಮೇಲೆ ಬಿದ್ದಿತ್ತು. ರೊಟ್ಟಿಯ ಒಡೆದ ಬಾಯಿಂದ ಒಂದು ಚೂರು ಎಲೆಯ ಮೇಲೆ ಉದುರಿತು. ಅವನು ಅದನ್ನು ಹೆಕ್ಕಿ, ಬೆರಳ ತುದಿಯಲ್ಲಿ ಒಂದು ಕ್ಷಣ ಹಿಡಿದು, ರೊಟ್ಟಿಯ ಮೇಲೆಯೇ ಇಟ್ಟ. ಬಾವಿಯಲ್ಲಿ ಕೊಡ ಮುಳುಗಿದ ಸದ್ದು ಕೇಳಿಸಿತು, ನೀರು ಸುರಿದ ಸದ್ದು ಕೇಳಿಸಿತು, ಪುನಃ ಕೊಡ ಇಳಿಯಿತು. ನೋಣಯ್ಯ ಒಂದು ಕೈಯನ್ನು ರೊಟ್ಟಿಯ ಮೇಲೆ ಅಡ್ಡ ಹಿಡಿದು, ಇನ್ನೊಂದು ಕೈಯಿಂದ ಕಾಗೆಗಳನ್ನು ಓಡಿಸುತ್ತ ಕುಳಿತಿದ್ದ.